ಹೂಡಿಕೆ ಒಪ್ಪಂದವನ್ನು ಕೊನೆಯ ಪುಟದಿಂದ ಓದಿ

ಎರಡು ದೇಶಗಳ ನಡುವೆ ಹೂಡಿಕೆ ಒಪ್ಪಂದಕ್ಕೆ ಸಹಿ ಬಿದ್ದ ಮರುದಿನ ಪತ್ರಿಕೆಯಲ್ಲಿ ಬರುವುದು ಇಬ್ಬರು ಸಚಿವರು ಕೈಕುಲುಕುವ ಚಿತ್ರ, ಅದರ ಕೆಳಗೊಂದು ದೊಡ್ಡ ಮೊತ್ತ. ಸರ್ಕಾರ ಏನೇನು ಮಾಡುವುದಿಲ್ಲವೆಂದು ಮಾತು ಕೊಟ್ಟಿದೆ, ಮಾತು ತಪ್ಪಿದರೆ ಎಲ್ಲಿ, ಯಾರಿಗೆ, ಎಷ್ಟು ಹಣ ಕಟ್ಟಬೇಕು ಎಂಬುದು ಆ ಸುದ್ದಿಯಲ್ಲಿ ಇರುವುದಿಲ್ಲ. ಅದು ಇರುವುದು ಒಪ್ಪಂದದ ಪಠ್ಯದಲ್ಲಿ. ಕಟ್ಟುವ ಹಣ ತೆರಿಗೆದಾರರದು, ಹಾಗಾಗಿ ಆ ಪಠ್ಯವನ್ನು ಓದುವುದು ವಕೀಲರ ಕೆಲಸ ಮಾತ್ರ ಅಲ್ಲ. ಹಳೆಯ ಒಪ್ಪಂದವಾದರೆ ಹತ್ತು ಹನ್ನೆರಡು ಪುಟ, ಹೊಸದಾದರೆ ಅದರ ಎರಡು ಮೂರು ಪಟ್ಟು. ಒಂದು ಸಂಜೆಯ ಬಿಡುವು, ಒಂದು ಹಾಳೆ, ಯಾವ ಪದದ ಮುಂದೆ ನಿಲ್ಲಬೇಕೆಂಬ ತಿಳಿವಳಿಕೆ ಇದ್ದರೆ ಸಾಕು. ಪತ್ರಕರ್ತರಿಗೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ, ಕೈಗಾರಿಕೆ ಇಲಾಖೆಯ ಕಡತ ನೋಡುವವರಿಗೆ, ಹೊರದೇಶದಲ್ಲಿ ಬಂಡವಾಳ ಹಾಕಲು ಹೊರಟವರಿಗೆ ಇಲ್ಲಿರುವ ಕ್ರಮ ಒಂದೇ.

ಮೊದಲು ಸರಿಯಾದ ಪಠ್ಯ

ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆ ಅಂಕ್ಟಾಡ್ ನಡೆಸುವ ‘ಇನ್ವೆಸ್ಟ್‌ಮೆಂಟ್ ಪಾಲಿಸಿ ಹಬ್’ ಜಾಲತಾಣದಲ್ಲಿ ದೇಶವಾರು ಪಟ್ಟಿ ಇದೆ, ಪಠ್ಯ ಉಚಿತ. ಭಾರತದ ಒಪ್ಪಂದಗಳು ಕೇಂದ್ರ ಹಣಕಾಸು ಸಚಿವಾಲಯದ ಆರ್ಥಿಕ ವ್ಯವಹಾರಗಳ ಇಲಾಖೆಯ ತಾಣದಲ್ಲೂ ಸಿಗುತ್ತವೆ. ಇಳಿಸಿಕೊಳ್ಳುವಾಗ ‘ಪ್ರೊಟೊಕಾಲ್’ ಎಂಬ ಹೆಸರಿನ ಪುರವಣಿ, ಆಮೇಲೆ ಬಂದ ತಿದ್ದುಪಡಿ, ಎರಡೂ ಸರ್ಕಾರ ಸೇರಿ ಹೊರಡಿಸಿದ ವ್ಯಾಖ್ಯಾನ ಪತ್ರ, ಇವು ಇದ್ದರೆ ಅವನ್ನೂ ತೆಗೆದುಕೊಳ್ಳಿ. ಮೂಲ ಪಠ್ಯ ಕೊಟ್ಟದ್ದನ್ನು ಪ್ರೊಟೊಕಾಲಿನ ಒಂದು ಸಾಲು ಹಿಂತೆಗೆದುಕೊಂಡಿರಬಹುದು. ಓದುವವರು ಹೆಚ್ಚಾಗಿ ಎಡವುವುದು ಇಲ್ಲೇ.

ನಿಮ್ಮ ಕೈಯಲ್ಲಿರುವುದು ಯಾವ ಜಾತಿಯ ಕಾಗದ ಎಂದು ಗುರುತಿಸಿ. ದ್ವಿಪಕ್ಷೀಯ ಹೂಡಿಕೆ ಒಪ್ಪಂದ, ಅಂದರೆ ಬಿಐಟಿ, ಒಂದು ಬಗೆ. 1959ರಲ್ಲಿ ಜರ್ಮನಿ ಮತ್ತು ಪಾಕಿಸ್ತಾನ ಮಾಡಿಕೊಂಡದ್ದು ಇಂಥ ಮೊದಲ ಒಪ್ಪಂದ. ಭಾರತದ ಮೊದಲನೆಯದು 1994ರಲ್ಲಿ ಬ್ರಿಟನ್ ಜೊತೆ. ಮುಕ್ತ ವ್ಯಾಪಾರ ಒಪ್ಪಂದದ ಒಳಗಿನ ಹೂಡಿಕೆ ಅಧ್ಯಾಯ ಇನ್ನೊಂದು ಬಗೆ. ಬಂಡವಾಳ ಹೂಡಿಕೆದಾರರ ಸಮಾವೇಶದಲ್ಲಿ ರಾಜ್ಯ ಸರ್ಕಾರ ಕಂಪನಿಗಳ ಜೊತೆ ಮಾಡಿಕೊಳ್ಳುವ ತಿಳಿವಳಿಕೆ ಪತ್ರ, ಎಂಒಯು, ಮೂರನೆಯದು. ಅದು ಅಂತರರಾಷ್ಟ್ರೀಯ ಒಪ್ಪಂದವೇ ಅಲ್ಲ. ಆದರೂ ಅದನ್ನು ಕಸದ ಬುಟ್ಟಿಗೆ ಹಾಕಬೇಡಿ. ಏಕೆಂದು ಮುಂದೆ ಗೊತ್ತಾಗುತ್ತದೆ.

ಕೊನೆಯ ಪುಟ

ಈಗ ಕೊನೆಯ ಪುಟ ತೆರೆಯಿರಿ. ಅಲ್ಲಿಂದ ನಾಲ್ಕು ಸಂಗತಿಗಳನ್ನು ಹಾಳೆಗೆ ಇಳಿಸಿ: ಸಹಿಯಾದ ದಿನ, ಜಾರಿಗೆ ಬಂದ ದಿನ, ರದ್ದಾಗಿದ್ದರೆ ರದ್ದಾದ ದಿನ, ರದ್ದಾದ ಮೇಲೂ ರಕ್ಷಣೆ ಎಷ್ಟು ವರ್ಷ ಉಳಿಯುತ್ತದೆ ಎಂಬುದು.

ಸಹಿ ಮತ್ತು ಜಾರಿ ಒಂದೇ ಅಲ್ಲ. ಭಾರತ ಮತ್ತು ಯುಎಇ ಒಪ್ಪಂದಕ್ಕೆ 2024ರ ಫೆಬ್ರವರಿ 13ರಂದು ಸಹಿಯಾಯಿತು, ಜಾರಿಗೆ ಬಂದದ್ದು ಆಗಸ್ಟ್ 31ರಂದು. ಸಹಿಯಾಗಿಯೂ ಎಂದೂ ಜಾರಿಗೆ ಬಾರದ ಒಪ್ಪಂದಗಳು ಜಗತ್ತಿನಲ್ಲಿ ಬೇಕಾದಷ್ಟಿವೆ.

ನಾಲ್ಕನೆಯ ಅಂಶವನ್ನು ವಕೀಲರು ‘ಸನ್‌ಸೆಟ್’ ಕಲಂ ಎನ್ನುತ್ತಾರೆ. ಒಪ್ಪಂದ ಸತ್ತರೂ, ಅದು ಬದುಕಿದ್ದಾಗ ಹೂಡಿದ ಹಣಕ್ಕೆ ಹತ್ತೋ ಹದಿನೈದೋ ವರ್ಷ ರಕ್ಷಣೆ ಮುಂದುವರಿಯುತ್ತದೆ. ಭಾರತ 2016ರ ನಂತರ ತನ್ನ ಹಳೆಯ ಒಪ್ಪಂದಗಳಲ್ಲಿ ಐವತ್ತಕ್ಕೂ ಹೆಚ್ಚನ್ನು ರದ್ದು ಮಾಡಿತು. ‘ಭಾರತಕ್ಕೆ ಈಗ ನೆದರ್ಲೆಂಡ್ಸ್ ಜೊತೆ ಒಪ್ಪಂದವೇ ಇಲ್ಲ’ ಎಂದು ಬರೆಯುವವರು ಅರ್ಧ ಮಾತ್ರ ಸರಿ. ಆ ಒಪ್ಪಂದ 2016ರ ಡಿಸೆಂಬರ್ 1ರಂದು ಕೊನೆಗೊಂಡರೂ ಅದಕ್ಕೂ ಮೊದಲು ಬಂದ ಡಚ್ ಹಣಕ್ಕೆ 15 ವರ್ಷ, ಅಂದರೆ 2031ರ ತನಕ, ಅದರ ನೆರಳಿದೆ. ಕೊನೆಯ ಪುಟದಿಂದ ಆರಂಭಿಸಬೇಕು ಎನ್ನುವುದು ಇದಕ್ಕೇ. ದಿನಾಂಕ ತಪ್ಪಿದರೆ ಉಳಿದದ್ದನ್ನು ಎಷ್ಟು ಚೆನ್ನಾಗಿ ಓದಿದರೂ ವ್ಯರ್ಥ.

ಯಾರು ಹೂಡಿಕೆದಾರ, ಯಾವುದು ಹೂಡಿಕೆ

ಈಗ ಮೊದಲ ಕಲಂಗೆ ಬನ್ನಿ, ವ್ಯಾಖ್ಯೆಗಳ ಪಟ್ಟಿಗೆ. ಹಳೆಯ ಒಪ್ಪಂದಗಳಲ್ಲಿ ‘ಆ ದೇಶದ ಕಾನೂನಿನಡಿ ಸ್ಥಾಪನೆಯಾದ ಕಂಪನಿ’ ಎಂದಷ್ಟೇ ಇದ್ದರೆ ಅಲ್ಲಿ ಕೆಂಪು ಗೆರೆ ಎಳೆಯಿರಿ. ಆ ಕಂಪನಿಗೆ ಆ ದೇಶದಲ್ಲಿ ಕಚೇರಿಯ ಬಾಗಿಲು ಬಿಟ್ಟು ಬೇರೇನೂ ಇಲ್ಲದಿದ್ದರೂ ರಕ್ಷಣೆ ಸಿಗಬಹುದು. ವೊಡಾಫೋನ್ ಬ್ರಿಟಿಷ್ ಕಂಪನಿ. 2007ರಲ್ಲಿ ಇಲ್ಲಿನ ಮೊಬೈಲ್ ಸೇವೆಯ ಕಂಪನಿ ಹಚಿಸನ್ ಎಸ್ಸಾರ್‌ನ ಪಾಲನ್ನು ಸುಮಾರು 1,100 ಕೋಟಿ ಡಾಲರಿಗೆ ಕೊಂಡಾಗ ಕೈ ಬದಲಾದದ್ದು ಕೇಮನ್ ದ್ವೀಪದ ಒಂದು ಕಂಪನಿಯ ಷೇರು. ಆ ವ್ಯವಹಾರಕ್ಕೆ ಕೇಳಿದ ತೆರಿಗೆಯ ಬಗ್ಗೆ ಭಾರತದ ವಿರುದ್ಧ ದಾವೆ ಹೂಡಿದ್ದು ನೆದರ್ಲೆಂಡ್ಸ್‌ನ ಅಂಗಸಂಸ್ಥೆ, ಭಾರತ–ನೆದರ್ಲೆಂಡ್ಸ್ ಒಪ್ಪಂದದ ಆಧಾರದಲ್ಲಿ. ಕಂಪನಿಯ ತವರು ಎಲ್ಲಿ ಎಂದು ಕೇಳಿದರೆ ಉತ್ತರ ಸಿಗದು. ಷೇರಿನ ಸರಪಳಿಯಲ್ಲಿ ಯಾವ ಯಾವ ದೇಶದ ಕೊಂಡಿ ಇದೆ ಎಂದು ಕೇಳಬೇಕು.

ಹೊಸ ಪಠ್ಯಗಳು ಈ ದಾರಿಯನ್ನು ಕಿರಿದು ಮಾಡಿವೆ. ಭಾರತದ 2016ರ ಮಾದರಿ ಒಪ್ಪಂದ, ಅಂದರೆ ಹೊಸ ಒಪ್ಪಂದಗಳ ಮಾತುಕತೆಗೆ ಆಧಾರವಾಗಿ ಸರ್ಕಾರ ಇಟ್ಟುಕೊಂಡ ಕರಡು, ತವರು ದೇಶದಲ್ಲಿ ‘ಗಣನೀಯ ವ್ಯವಹಾರ’ ಇರಬೇಕೆಂದು ಕೇಳುತ್ತದೆ. ಅಂಥ ಕಲಂ ಇಲ್ಲದಿದ್ದರೂ ತೀರಾ ಸಮಯಸಾಧಕತನವನ್ನು, ಹೂಡಿಕೆದಾರ ಮತ್ತು ಸರ್ಕಾರದ ಜಗಳ ತೀರ್ಮಾನಿಸುವ ಮಧ್ಯಸ್ಥಿಕೆ ಮಂಡಳಿಗಳು ಒಪ್ಪದ ಸಂದರ್ಭವೂ ಇದೆ. ಸಿಗರೇಟ್ ಪೊಟ್ಟಣಕ್ಕೆ ಒಂದೇ ಬಗೆಯ ಸಾದಾ ಹೊದಿಕೆ ಇರಬೇಕೆಂಬ ಕಾನೂನನ್ನು ಆಸ್ಟ್ರೇಲಿಯ ತರುತ್ತೇನೆಂದು ಪ್ರಕಟಿಸಿದ ಮೇಲೆ ಫಿಲಿಪ್ ಮಾರಿಸ್ ತನ್ನ ಆಸ್ಟ್ರೇಲಿಯ ಷೇರುಗಳನ್ನು ಹಾಂಗ್‌ಕಾಂಗ್ ಅಂಗಸಂಸ್ಥೆಗೆ ವರ್ಗಾಯಿಸಿ, ಹಾಂಗ್‌ಕಾಂಗ್–ಆಸ್ಟ್ರೇಲಿಯ ಒಪ್ಪಂದದಡಿ ದಾವೆ ಹೂಡಿತು. ಜಗಳ ಕಣ್ಣಿಗೆ ಕಂಡ ಮೇಲೆ ಮನೆ ಬದಲಿಸಿದ್ದು ಹಕ್ಕಿನ ದುರುಪಯೋಗ ಎಂದು 2015ರ ಡಿಸೆಂಬರಿನಲ್ಲಿ ಮಂಡಳಿ ದಾವೆಯನ್ನು ತಳ್ಳಿಹಾಕಿತು.

‘ಹೂಡಿಕೆ’ಯ ವ್ಯಾಖ್ಯೆಯಲ್ಲಿ ನೋಡಬೇಕಾದ್ದು ಇಷ್ಟು. ‘ಪ್ರತಿಯೊಂದು ಬಗೆಯ ಆಸ್ತಿ’ ಎಂದಿದ್ದರೆ ಷೇರು, ಸಾಲಪತ್ರ, ಕರಾರಿನ ಬಾಕಿ ಎಲ್ಲವೂ ಒಳಗೆ ಬರುತ್ತವೆ. ಇಲ್ಲಿ ನೆಲೆಯೂರಿದ ಉದ್ಯಮ ಎಂದಿದ್ದರೆ ಬಲೆ ಚಿಕ್ಕದು. 2016ರ ಮಾದರಿ ಎರಡನೆಯ ಬಗೆಯದು. ಯುಎಇ ಒಪ್ಪಂದದಲ್ಲಿ ಭಾರತ ಮತ್ತೆ ಸ್ವಲ್ಪ ಸಡಿಲಿಸಿ ಷೇರುಪೇಟೆಯ ಹೂಡಿಕೆಯನ್ನೂ ಒಳಕ್ಕೆ ಬಿಟ್ಟುಕೊಂಡಿದೆ.

ಮಾತು ಕೊಟ್ಟದ್ದು ಏನು

ನಡುವಿನ ಕಲಂಗಳಲ್ಲಿ ಕ್ರಿಯಾಪದಗಳನ್ನು ಮೊದಲು ಹುಡುಕಿ. ‘ಶಲ್’ ಎಂದಿದ್ದರೆ ಕಡ್ಡಾಯ, ‘ಮೇ’ ಎಂದಿದ್ದರೆ ಇಚ್ಛೆ, ‘ಶಲ್ ಎಂಡೆವರ್’ ಅಥವಾ ‘ಶಲ್ ಏಮ್’ ಎಂದಿದ್ದರೆ ಪ್ರಯತ್ನದ ಭರವಸೆ ಮಾತ್ರ. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್ ಸೇರಿದ ಎಫ್ಟಾ ಗುಂಪಿನ ಜೊತೆ ಭಾರತ ಮಾಡಿಕೊಂಡ, 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಒಪ್ಪಂದದ ಬಗ್ಗೆ ‘15 ವರ್ಷದಲ್ಲಿ 10,000 ಕೋಟಿ ಡಾಲರ್ ಹೂಡಿಕೆ’ ಎಂಬ ತಲೆಬರಹ ಬಂತು. ಪಠ್ಯದಲ್ಲಿರುವುದು ಮೊದಲ 10 ವರ್ಷದಲ್ಲಿ 5,000 ಕೋಟಿ, ಮುಂದಿನ 5 ವರ್ಷದಲ್ಲಿ ಇನ್ನೂ 5,000 ಕೋಟಿ ಡಾಲರಿನ ‘ಗುರಿ’. ಗುರಿ ಮುಟ್ಟದಿದ್ದರೆ ವಿವಾದ ಮಂಡಳಿಗೆ ಹೋಗುವಂತಿಲ್ಲ. ಸಮಾಲೋಚನೆಯ ಹಂತಗಳೆಲ್ಲ ಮುಗಿದ ಮೇಲೆ ತಾನು ಕೊಟ್ಟ ರಿಯಾಯಿತಿಗಳನ್ನು ಭಾರತ ಹಿಂತೆಗೆಯಬಹುದು, ಅಷ್ಟೆ. ಅದು ಸಣ್ಣ ಅಸ್ತ್ರವಲ್ಲ, ಆದರೆ ತಲೆಬರಹ ಸೂಚಿಸಿದ ಖಾತರಿಯೂ ಅಲ್ಲ.

ಆಮೇಲೆ ಮೂರು ಭರವಸೆಗಳನ್ನು ಒಂದೊಂದಾಗಿ ನೋಡಿ.

ಮೊದಲನೆಯದು ‘ನ್ಯಾಯಯುತ ಮತ್ತು ಸಮಾನ ವರ್ತನೆ’. ಹೂಡಿಕೆದಾರರು ಗೆದ್ದ ಬಹುಪಾಲು ಪ್ರಕರಣಗಳ ಬೆನ್ನೆಲುಬು ಇದು. ಹಳೆಯ ಒಪ್ಪಂದಗಳಲ್ಲಿ ಇದು ಒಂದೇ ಸಾಲು, ವಿವರಣೆ ಇಲ್ಲ. ಆ ಖಾಲಿ ಜಾಗವನ್ನು ತುಂಬುವವರು ಮೂವರು ಮಧ್ಯಸ್ಥಗಾರರು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ವೊಡಾಫೋನ್ ಪರ ತೀರ್ಪು ಕೊಟ್ಟ ಮೇಲೆ ಸಂಸತ್ತು ಅದೇ ವರ್ಷ ಆದಾಯ ತೆರಿಗೆ ಕಾಯ್ದೆಯನ್ನು ಪೂರ್ವಾನ್ವಯವಾಗುವಂತೆ, ಅಂದರೆ ಹಿಂದೆ ನಡೆದ ವ್ಯವಹಾರಗಳಿಗೂ ತಾಗುವಂತೆ, ತಿದ್ದಿತು. ಈ ಒಂದು ಸಾಲಿನ ಭರವಸೆ ಮುರಿದಿದೆ ಎಂದು 2020ರ ಸೆಪ್ಟೆಂಬರ್ 25ರಂದು ಮಂಡಳಿ ಹೇಳಿತು. ಹೊಸ ಪಠ್ಯದಲ್ಲಿ ಈ ಕಲಂ ಇದೆಯೇ ನೋಡಿ. ಭಾರತದ 2016ರ ಮಾದರಿಯಲ್ಲಿ ಇಲ್ಲ. ಅದರ ಬದಲು ಪಟ್ಟಿಯಿದೆ: ನ್ಯಾಯ ನಿರಾಕರಣೆ, ವಿಚಾರಣಾ ಕ್ರಮದ ಮೂಲಭೂತ ಉಲ್ಲಂಘನೆ, ಗುರಿಯಿಟ್ಟು ಮಾಡಿದ ತಾರತಮ್ಯ, ಕಣ್ಣಿಗೆ ರಾಚುವ ಕಿರುಕುಳ. ತೆರಿಗೆಯನ್ನು ಆ ಮಾದರಿ ಪೂರ್ತಿ ಹೊರಗಿಟ್ಟಿದೆ.

ಎರಡನೆಯದು ಸ್ವಾಧೀನದ ಕಲಂ. ನೇರ ಸ್ವಾಧೀನ ಎಲ್ಲರಿಗೂ ಅರ್ಥವಾಗುತ್ತದೆ. ಜಗಳ ನಡೆಯುವುದು ‘ಪರೋಕ್ಷ’ ಎಂಬ ಪದದ ಸುತ್ತ. ಆಸ್ತಿಯ ಹೆಸರು ಬದಲಾಗದೆ ಅದರ ಬೆಲೆಯಷ್ಟೇ ಮಾಯವಾದರೆ ಅದೂ ಸ್ವಾಧೀನವೇ? ಹೊಸ ಒಪ್ಪಂದಗಳಲ್ಲಿ ಆರೋಗ್ಯ, ಪರಿಸರಕ್ಕಾಗಿ ತಾರತಮ್ಯವಿಲ್ಲದೆ ತಂದ ನಿಯಮ ಸ್ವಾಧೀನವಲ್ಲ ಎಂಬ ವಾಕ್ಯ ಇರಬೇಕು. ಇಲ್ಲದಿದ್ದರೆ ಅದನ್ನು ಕೊರತೆಯೆಂದು ಬರೆದುಕೊಳ್ಳಿ. ಪರಿಹಾರ ‘ತಕ್ಷಣದ, ಸಾಕಷ್ಟಾದ, ಪರಿಣಾಮಕಾರಿ’ ಆಗಿರಬೇಕೆಂಬ ಮೂರು ವಿಶೇಷಣಗಳು ಕಂಡರೆ ಅವು 1938ರಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾರ್ಡೆಲ್ ಹಲ್ ಮೆಕ್ಸಿಕೋ ಸರ್ಕಾರಕ್ಕೆ ಬರೆದ ಪತ್ರದಿಂದ ಬಂದವು.

ಪರಿಹಾರ ಲೆಕ್ಕ ಹಾಕುವ ದಾರಿಯನ್ನೂ ಇದೇ ಕಲಮಿನಲ್ಲಿ ಹುಡುಕಿ. ಮಾರುಕಟ್ಟೆ ಬೆಲೆ ಎಂದಷ್ಟೇ ಇದ್ದರೆ, ಮುಂದೆ ಬರಬಹುದಾಗಿದ್ದ ಲಾಭವನ್ನು ಇಂದಿನ ಬೆಲೆಗೆ ಇಳಿಸಿ ಕೇಳುವ ವಿಧಾನಕ್ಕೆ ಬಾಗಿಲು ತೆರೆದಂತೆ. ಬಲೂಚಿಸ್ತಾನದ ರೆಕೊ ಡಿಕ್‌ನಲ್ಲಿ ಒಂದು ಟನ್ ತಾಮ್ರವೂ ಹೊರಬಂದಿರಲಿಲ್ಲ. ಗಣಿ ಗುತ್ತಿಗೆ ನಿರಾಕರಿಸಿದ್ದಕ್ಕೆ ಆಸ್ಟ್ರೇಲಿಯ–ಪಾಕಿಸ್ತಾನ ಒಪ್ಪಂದದಡಿ 2019ರ ಜುಲೈನಲ್ಲಿ ಬಡ್ಡಿ ಸೇರಿ 550 ಕೋಟಿ ಡಾಲರಿಗೂ ಹೆಚ್ಚಿನ ತೀರ್ಪು ಬಂತು. ಅದೇ ತಿಂಗಳು ಐಎಂಎಫ್ ಪಾಕಿಸ್ತಾನಕ್ಕೆ ಮಂಜೂರು ಮಾಡಿದ ಮೂರು ವರ್ಷದ ಸಾಲ 600 ಕೋಟಿ ಡಾಲರ್. ಒಂದು ಕಲಮಿನ ತೂಕ ಎಷ್ಟೆಂದು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ತಿಳಿಯುತ್ತದೆ.

ಮೂರನೆಯದು ‘ಪರಮಾಪ್ತ ರಾಷ್ಟ್ರ’. ಪುಲ್ವಾಮಾ ದಾಳಿಯ ನಂತರ 2019ರಲ್ಲಿ ಭಾರತ ಪಾಕಿಸ್ತಾನದಿಂದ ಹಿಂತೆಗೆದ ಸ್ಥಾನಮಾನದಿಂದಾಗಿ ಈ ಪದ ಎಲ್ಲರ ಕಿವಿಗೂ ಬಿದ್ದಿದೆ. ಹೆಸರು ಕೇಳಿ ವಿಶೇಷ ಗೆಳೆತನ ಎಂದುಕೊಳ್ಳುವುದು ತಪ್ಪು. ಬೇರೆಯವರಿಗೆ ಕೊಟ್ಟದ್ದಕ್ಕಿಂತ ಕಡಿಮೆ ನಿನಗೆ ಕೊಡುವುದಿಲ್ಲ ಎಂಬುದಷ್ಟೇ ಅರ್ಥ. ಹೂಡಿಕೆ ಒಪ್ಪಂದದಲ್ಲಿ ಇದು ಪಕ್ಕದ ಮನೆಯ ಏಣಿಯನ್ನು ತಂದು ನಮ್ಮ ಗೋಡೆಗೆ ಒರಗಿಸಿದ ಹಾಗೆ. ವೈಟ್ ಇಂಡಸ್ಟ್ರೀಸ್ ಎಂಬ ಆಸ್ಟ್ರೇಲಿಯ ಕಂಪನಿ, ಇಂದಿನ ಜಾರ್ಖಂಡ್‌ನ ಪಿಪರ್‌ವಾರ್ ಕಲ್ಲಿದ್ದಲು ಗಣಿಯ ಕರಾರಿನ ಬಗ್ಗೆ ಕೋಲ್ ಇಂಡಿಯಾ ವಿರುದ್ಧ 2002ರಲ್ಲೇ ವಾಣಿಜ್ಯ ಮಧ್ಯಸ್ಥಿಕೆಯಲ್ಲಿ ಗೆದ್ದಿತ್ತು. ಆ ತೀರ್ಪನ್ನು ಜಾರಿ ಮಾಡಿಸಲು ನಮ್ಮ ನ್ಯಾಯಾಲಯಗಳಲ್ಲಿ ಒಂಬತ್ತು ವರ್ಷ ಕಳೆದರೂ ಆಗಲಿಲ್ಲ. ಭಾರತ–ಆಸ್ಟ್ರೇಲಿಯ ಒಪ್ಪಂದದಲ್ಲಿ ಈ ವಿಳಂಬಕ್ಕೆ ನೇರವಾಗಿ ಒದಗುವ ಕಲಂ ಇರಲಿಲ್ಲ. ಭಾರತ–ಕುವೈತ್ ಒಪ್ಪಂದದಲ್ಲಿ ‘ಹಕ್ಕು ಸಾಧಿಸಿಕೊಳ್ಳಲು ಪರಿಣಾಮಕಾರಿ ಮಾರ್ಗ’ ಎಂಬ ಭರವಸೆ ಇತ್ತು. ಪರಮಾಪ್ತ ಕಲಮಿನ ಮೂಲಕ ಅದನ್ನು ಎರವಲು ಪಡೆದು 2011ರ ನವೆಂಬರಿನಲ್ಲಿ ಕಂಪನಿ ಗೆದ್ದಿತು. ಸಿಕ್ಕಿದ್ದು ಬಡ್ಡಿ ಬಿಟ್ಟು ಸುಮಾರು 40 ಲಕ್ಷ ಆಸ್ಟ್ರೇಲಿಯನ್ ಡಾಲರ್. ಮೊತ್ತ ಸಣ್ಣದು, ದೆಹಲಿಗೆ ಮುಟ್ಟಿದ ಬಿಸಿ ದೊಡ್ಡದು. 2016ರ ಮಾದರಿಯಲ್ಲಿ ಪರಮಾಪ್ತ ಕಲಂ ಇಲ್ಲದಿರುವುದಕ್ಕೆ ಈ ಪ್ರಕರಣವೇ ಮುಖ್ಯ ಕಾರಣ. ನೀವು ಓದುತ್ತಿರುವ ಒಪ್ಪಂದದಲ್ಲಿ ಈ ಕಲಂ ಇದ್ದರೆ, ಆ ದೇಶದ ಬೇರೆ ಒಪ್ಪಂದಗಳನ್ನೂ ತೆರೆಯಬೇಕಾಗುತ್ತದೆ. ಬೇಸರದ ಕೆಲಸ, ಬಿಡುವಂತಿಲ್ಲ.

ಹಣವನ್ನು ಹೊರಗೆ ಒಯ್ಯುವ ಹಕ್ಕಿನ ಕಲಮಿನಲ್ಲಿ ವಿದೇಶಿ ವಿನಿಮಯದ ಬಿಕ್ಕಟ್ಟಿಗೆ ವಿನಾಯಿತಿ ಇದೆಯೇ ಎಂದು ನೋಡಿ ಮುಂದೆ ಹೋಗಿ. ‘ಕೊಟ್ಟ ಯಾವುದೇ ಬದ್ಧತೆಯನ್ನು ಪಾಲಿಸತಕ್ಕದ್ದು’ ಎಂಬ ಸಾಲು ಸಿಕ್ಕರೆ ಮಾತ್ರ ನಿಲ್ಲಿ. ಸಾಧಾರಣ ಕರಾರಿನ ಜಗಳವನ್ನೂ ಅದು ಅಂತರರಾಷ್ಟ್ರೀಯ ಜಗಳವಾಗಿಸಬಹುದು.

ವಿನಾಯಿತಿಯ ಕಲಂ: ಬೆಂಗಳೂರಿನ ಪಾಠ

ಒಪ್ಪಂದದ ಅತಿ ಮುಖ್ಯ ವಾಕ್ಯ ಎಷ್ಟೋ ಸಲ ಕೊನೆಯ ಭಾಗದಲ್ಲಿ ‘ಈ ಒಪ್ಪಂದದ ಯಾವುದೂ ತಡೆಯುವುದಿಲ್ಲ’ ಎಂಬ ಧಾಟಿಯಲ್ಲಿ ಇರುತ್ತದೆ. ಇಲ್ಲಿ ಒಂದೊಂದು ಪದವನ್ನೂ ತೂಗಬೇಕು.

2005ರ ಜನವರಿ 28ರಂದು ಇಸ್ರೋದ ವಾಣಿಜ್ಯ ಅಂಗ ಆಂಟ್ರಿಕ್ಸ್ ಮತ್ತು ಬೆಂಗಳೂರಿನ ದೇವಾಸ್ ಮಲ್ಟಿಮೀಡಿಯಾ ಕರಾರು ಮಾಡಿಕೊಂಡವು. ಎರಡು ಉಪಗ್ರಹಗಳಲ್ಲಿ ಎಸ್-ಬ್ಯಾಂಡ್ ಎಂಬ ತರಂಗಾಂತರದಲ್ಲಿ ಸಂಕೇತ ರವಾನಿಸುವ ಟ್ರಾನ್ಸ್‌ಪಾಂಡರುಗಳ ಬಹುಪಾಲನ್ನು ದೇವಾಸ್‌ಗೆ ಗುತ್ತಿಗೆಗೆ ಕೊಡುವ ಕರಾರು ಅದು. 2011ರ ಫೆಬ್ರವರಿಯಲ್ಲಿ ಭದ್ರತೆ ಕುರಿತ ಸಂಪುಟ ಸಮಿತಿ, ದೇಶದ ಭದ್ರತೆಗೆ ಆ ತರಂಗಾಂತರ ಬೇಕು ಎಂದು ಕರಾರನ್ನು ರದ್ದು ಮಾಡಿಸಿತು. ದೇವಾಸ್ ಕಂಪನಿ ಕರಾರಿನ ಆಧಾರದಲ್ಲಿ ವಾಣಿಜ್ಯ ಮಧ್ಯಸ್ಥಿಕೆಗೆ ಹೋಯಿತು. ಅದರ ಷೇರುದಾರರು ಎರಡು ಬೇರೆ ಬೇರೆ ಒಪ್ಪಂದಗಳ ಬಾಗಿಲು ತಟ್ಟಿದರು: ಮಾರಿಷಸ್‌ನ ಮೂರು ಕಂಪನಿಗಳು ಭಾರತ–ಮಾರಿಷಸ್ ಒಪ್ಪಂದದಡಿ, ಡಾಯ್ಚ ಟೆಲಿಕಾಂ ಭಾರತ–ಜರ್ಮನಿ ಒಪ್ಪಂದದಡಿ.

ಘಟನೆ ಒಂದೇ, ಪಠ್ಯ ಬೇರೆ. ಭದ್ರತಾ ಹಿತಾಸಕ್ತಿಯ ರಕ್ಷಣೆಯತ್ತ ‘ಡೈರೆಕ್ಟೆಡ್’ ಆದ, ಅಂದರೆ ಅದಕ್ಕೆ ಗುರಿಯಿಟ್ಟ ಕ್ರಮ ಎಂದು ಮಾರಿಷಸ್ ಒಪ್ಪಂದ ಹೇಳುತ್ತದೆ. ಜರ್ಮನಿಯ ಒಪ್ಪಂದದಲ್ಲಿರುವುದು ‘ಟು ದಿ ಎಕ್ಸ್‌ಟೆಂಟ್ ನೆಸೆಸರಿ’, ಅಂದರೆ ಅಗತ್ಯವಿದ್ದಷ್ಟು ಮಟ್ಟಿಗೆ. ಮೊದಲ ಮಂಡಳಿ 2016ರಲ್ಲಿ, ಬಹುಮತದಿಂದ, ತರಂಗಾಂತರದ ಶೇ 60ರಷ್ಟು ಭಾಗಕ್ಕೆ ಭಾರತದ ಭದ್ರತಾ ವಾದವನ್ನು ಒಪ್ಪಿತು, ಉಳಿದ ಶೇ 40ಕ್ಕೆ ಮಾತ್ರ ಸ್ವಾಧೀನ ಎಂದಿತು. ಎರಡನೆಯದು 2017ರಲ್ಲಿ ಅಗತ್ಯದ ಮಟ್ಟವನ್ನು ಬಿಗಿಯಾಗಿ ಪರೀಕ್ಷಿಸಿ ವಾದವನ್ನೇ ತಿರಸ್ಕರಿಸಿತು. 2020ರಲ್ಲಿ ನಿಗದಿಯಾದ ಪರಿಹಾರ ಬಡ್ಡಿ ಬಿಟ್ಟು ಕ್ರಮವಾಗಿ ಸುಮಾರು 11.1 ಕೋಟಿ ಮತ್ತು 9.3 ಕೋಟಿ ಡಾಲರ್. ಮಧ್ಯಸ್ಥಗಾರರು ಬೇರೆ, ಮುಂದಿಟ್ಟ ಸಾಕ್ಷ್ಯವೂ ಪೂರ್ತಿ ಒಂದೇ ಅಲ್ಲ. ಎಲ್ಲವೂ ಪದದಿಂದಲೇ ಆಯಿತೆನ್ನುವುದು ಅತಿಯಾದೀತು. ಆದರೆ ವಾದ ನಿಂತದ್ದೂ ಬಿದ್ದದ್ದೂ ಆ ಪದಗಳ ಮೇಲೆಯೇ.

ಹಾಗಾಗಿ ಹಾಳೆಯಲ್ಲಿ ಈ ಕಲಂಗೆ ಮೂರು ಮೆಟ್ಟಿಲು ಬರೆದಿಟ್ಟುಕೊಳ್ಳಿ. ‘ನೆಸೆಸರಿ’ ಎಂದಿದ್ದರೆ ಸರ್ಕಾರ ಅಗತ್ಯವನ್ನು ಸಾಬೀತು ಮಾಡಬೇಕು. ‘ಡೈರೆಕ್ಟೆಡ್ ಟು’ ಎಂದಿದ್ದರೆ ಉದ್ದೇಶ ತೋರಿಸಬೇಕು. ‘ಇಟ್ ಕನ್ಸಿಡರ್ಸ್ ನೆಸೆಸರಿ’, ತಾನು ಅಗತ್ಯವೆಂದು ಭಾವಿಸಿದ್ದು, ಎಂದಿದ್ದರೆ ತೀರ್ಮಾನ ಬಹುಮಟ್ಟಿಗೆ ಸರ್ಕಾರದ್ದೇ. ಭಾರತದ 2016ರ ಮಾದರಿ ಮೂರನೆಯ ಮೆಟ್ಟಿಲಲ್ಲಿದೆ. ಹೊರದೇಶದಲ್ಲಿ ಹಣ ಹೂಡುವ ನಮ್ಮವರಿಗೆ ಅದೇ ಪದ ಎದುರಾಳಿಯ ಕೈಯಲ್ಲಿರುತ್ತದೆ ಎಂಬುದನ್ನೂ ಮರೆಯಬಾರದು. ಒಪ್ಪಂದ ಎರಡೂ ಕಡೆ ಹರಿತವಾದ ಕತ್ತಿ.

ಪದದ ಅರ್ಥದ ಬಗ್ಗೆ ಸಂಶಯ ಬಂದಾಗ, ಒಪ್ಪಂದಗಳ ಕಾನೂನು ಕುರಿತ 1969ರ ವಿಯೆನ್ನಾ ಒಡಂಬಡಿಕೆಯ 31ನೇ ಕಲಂ ಹೇಳುವ ಕ್ರಮ ಹಿಡಿಯಿರಿ: ಸಹಜ ಅರ್ಥ, ಸಂದರ್ಭ, ಒಪ್ಪಂದದ ಉದ್ದೇಶ. ಭಾರತ ಆ ಒಡಂಬಡಿಕೆಯ ಸದಸ್ಯ ಅಲ್ಲ, ಆದರೂ ಈ ನಿಯಮ ರೂಢಿಯ ಕಾನೂನಾಗಿ ಎಲ್ಲ ಕಡೆ ನಡೆಯುತ್ತದೆ. ಉದ್ದೇಶ ಇರುವುದು ಪೀಠಿಕೆಯಲ್ಲಿ. ಹೂಡಿಕೆದಾರನ ರಕ್ಷಣೆಯೊಂದನ್ನೇ ಹೇಳುವ ಪೀಠಿಕೆ ಮತ್ತು ಸರ್ಕಾರದ ನಿಯಂತ್ರಣಾಧಿಕಾರವನ್ನೂ ಹೇಳುವ ಪೀಠಿಕೆ ಮುಂದೆ ಬೇರೆ ಬೇರೆ ಫಲ ಕೊಡುತ್ತವೆ.

ಜಗಳ ಎಲ್ಲಿ, ಎಷ್ಟು ವರ್ಷ

ವಿವಾದ ಪರಿಹಾರದ ಕಲಮನ್ನು ಓದುವಾಗ ಕ್ಯಾಲೆಂಡರ್ ಬರೆಯಿರಿ. ಹಳೆಯ ಒಪ್ಪಂದಗಳಲ್ಲಿ ಸಾಮಾನ್ಯವಾಗಿ 3ರಿಂದ 6 ತಿಂಗಳು ಮಾತುಕತೆ, ಆಮೇಲೆ ನೇರ ಮಧ್ಯಸ್ಥಿಕೆ. 2016ರ ಮಾದರಿಯಲ್ಲಿ ಹೂಡಿಕೆದಾರ ವಿಷಯ ತಿಳಿದ ಒಂದು ವರ್ಷದೊಳಗೆ ಇಲ್ಲಿನ ನ್ಯಾಯಾಲಯಕ್ಕೆ ಹೋಗಬೇಕು, ಕನಿಷ್ಠ 5 ವರ್ಷ ಅಲ್ಲಿ ಪ್ರಯತ್ನಿಸಬೇಕು, ಆಮೇಲೆ ನೋಟಿಸು, 6 ತಿಂಗಳು ಮಾತುಕತೆ, ಅದೂ ಮುಗಿದ ಮೇಲೆ ಮಂಡಳಿ. ಯುಎಇ ಒಪ್ಪಂದ ಆ 5 ವರ್ಷವನ್ನು 3ಕ್ಕೆ ಇಳಿಸಿದೆ, ಜೊತೆಗೆ ಹೊರಗಿನವರು ಲಾಭಕ್ಕಾಗಿ ದಾವೆಗೆ ಹಣ ಹಾಕುವುದನ್ನು ನಿಷೇಧಿಸಿದೆ. ಒಂದು ಗಡುವು ತಪ್ಪಿದರೂ ದಾವೆ ಬಾಗಿಲಲ್ಲೇ ನಿಲ್ಲಬಹುದು, ಅದಕ್ಕೇ ಈ ಕ್ಯಾಲೆಂಡರ್.

ವೇದಿಕೆ ಯಾವುದೆಂದೂ ಬರೆದುಕೊಳ್ಳಿ. ವಿಶ್ವಬ್ಯಾಂಕ್ ಗುಂಪಿನ ಹೂಡಿಕೆ ವಿವಾದ ಪರಿಹಾರ ಕೇಂದ್ರ ಇಕ್ಸಿಡ್ 1966ರಿಂದ ಇದೆ, ಭಾರತ ಅದರ ಸದಸ್ಯನಲ್ಲ. ಹಾಗಾಗಿ ಭಾರತದ ಪ್ರಕರಣಗಳು ಸಾಮಾನ್ಯವಾಗಿ ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗದ ಅನ್‌ಸಿಟ್ರಾಲ್ ನಿಯಮಗಳಡಿ ನಡೆಯುತ್ತವೆ, ಎಷ್ಟೋ ಸಲ ಹೇಗ್‌ನ ಶಾಶ್ವತ ಮಧ್ಯಸ್ಥಿಕೆ ನ್ಯಾಯಾಲಯದ ನೆರವಿನಲ್ಲಿ. ತೀರ್ಪನ್ನು ಬೇರೆ ದೇಶಗಳಲ್ಲಿ ಜಾರಿ ಮಾಡಿಸುವುದು 1958ರ ನ್ಯೂಯಾರ್ಕ್ ಒಡಂಬಡಿಕೆಯ ಮೂಲಕ.

ಜಾರಿ ಎಂದರೆ ಏನೆಂದು ಬ್ರಿಟನ್ನಿನ ತೈಲ ಕಂಪನಿ ಕೇರ್ನ್ ಪ್ರಕರಣ ತೋರಿಸಿತು. ಅದೂ ಪೂರ್ವಾನ್ವಯ ತೆರಿಗೆಯ ಜಗಳವೇ. ಬ್ರಿಟನ್ ಒಪ್ಪಂದದಡಿ 2020ರ ಡಿಸೆಂಬರಿನಲ್ಲಿ 120 ಕೋಟಿ ಡಾಲರ್ ಮತ್ತು ಬಡ್ಡಿಯ ತೀರ್ಪು ಬಂತು. ಹಣ ಬಾರದಾಗ ಕಂಪನಿ ನ್ಯೂಯಾರ್ಕಿನಲ್ಲಿ ಏರ್ ಇಂಡಿಯಾವನ್ನು ಗುರಿ ಮಾಡಿ ದಾವೆ ಹೂಡಿತು, ಪ್ಯಾರಿಸ್‌ನಲ್ಲಿ ಭಾರತ ಸರ್ಕಾರದ ಸುಮಾರು 20 ಆಸ್ತಿಗಳ ಮೇಲೆ ನ್ಯಾಯಾಲಯದ ಆದೇಶ ಪಡೆಯಿತು. ರಾಯಭಾರ ಕೆಲಸಕ್ಕೆ ಬಳಸುವ ಕಟ್ಟಡವನ್ನು ಮುಟ್ಟುವಂತಿಲ್ಲ, ವಾಣಿಜ್ಯ ಸ್ವರೂಪದ ಆಸ್ತಿಗೆ ಆ ರಕ್ಷಣೆ ಇಲ್ಲ. 2021ರ ಆಗಸ್ಟಿನಲ್ಲಿ ಸಂಸತ್ತು ಪೂರ್ವಾನ್ವಯ ತೆರಿಗೆಯನ್ನು ಕೈಬಿಟ್ಟಿತು. ಕಂಪನಿ ಬಡ್ಡಿ ಮತ್ತು ಖರ್ಚು ಬಿಟ್ಟುಕೊಟ್ಟು ಸುಮಾರು 7,900 ಕೋಟಿ ರೂಪಾಯಿ ವಾಪಸು ಪಡೆಯಿತು. ಇಂಥ ಸುದ್ದಿ ಬರೆಯುವಾಗ ಕೇಳಿದ ಮೊತ್ತ, ತೀರ್ಪಿನ ಮೊತ್ತ, ಬಡ್ಡಿ ಸೇರಿದ ಮೊತ್ತ, ಕೈಗೆ ಬಂದ ಮೊತ್ತ ಎಂಬ ನಾಲ್ಕನ್ನು ಎಂದೂ ಬೆರೆಸಬೇಡಿ.

ರಾಜ್ಯ ಸರ್ಕಾರದ ಸಹಿ, ದೇಶದ ಹೊಣೆ

ಮಂಡಳಿಯ ಮುಂದೆ ನಿಲ್ಲುವುದು ಭಾರತ. ಆದರೆ ಜಗಳ ಹುಟ್ಟುವ ಜಾಗ ಜಿಲ್ಲಾ ಕಚೇರಿಯೂ ಆಗಿರಬಹುದು. ಸರ್ಕಾರದ ಯಾವ ಅಂಗ ತಪ್ಪಿದರೂ, ಅದು ರಾಜ್ಯವಾಗಲಿ ನ್ಯಾಯಾಲಯವಾಗಲಿ, ಹೊಣೆ ದೇಶದ್ದು. ಮೆಕ್ಸಿಕೋದಲ್ಲಿ ಗ್ವಾಡಾಲ್ಕಜಾರ್ ಎಂಬ ಊರಿನ ಪುರಸಭೆ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಕಟ್ಟಡ ಪರವಾನಗಿ ಕೊಡಲಿಲ್ಲ. 2000ದಲ್ಲಿ ಮೆಟಲ್‌ಕ್ಲ್ಯಾಡ್ ಕಂಪನಿಗೆ ಮೆಕ್ಸಿಕೋ ದೇಶ ಸುಮಾರು 1.67 ಕೋಟಿ ಡಾಲರ್ ಕೊಡಬೇಕೆಂದು ತೀರ್ಪಾಯಿತು. ನಮ್ಮ ಪಕ್ಕದ ತಮಿಳುನಾಡು ನಿಸ್ಸಾನ್‌ಗೆ 2008ರ ಎಂಒಯುನಲ್ಲಿ ಹೇಳಿದ ಪ್ರೋತ್ಸಾಹಧನ ಬಂದಿಲ್ಲವೆಂದು ಆ ಕಂಪನಿ ಜಪಾನ್ ಜೊತೆಗಿನ ಆರ್ಥಿಕ ಪಾಲುದಾರಿಕೆ ಒಪ್ಪಂದದಡಿ ಭಾರತದ ವಿರುದ್ಧ ಹೋಯಿತು. 2020ರಲ್ಲಿ ರಾಜಿಯಾಗಿ ಮುಗಿಯಿತು. ಎಂಒಯುವನ್ನು ಬುಟ್ಟಿಗೆ ಹಾಕಬೇಡಿ ಎಂದದ್ದು ಇದಕ್ಕೇ: ತಾನೇ ಒಪ್ಪಂದ ಅಲ್ಲದಿದ್ದರೂ, ಒಪ್ಪಂದದಡಿ ಸಾಕ್ಷ್ಯವಾಗಬಲ್ಲದು.

ಪಠ್ಯದ ಅನ್ವಯದ ಕಲಮಿನಲ್ಲಿ ಇದಕ್ಕೆ ಉತ್ತರ ಹುಡುಕಿ. 2016ರ ಮಾದರಿ ಸ್ಥಳೀಯ ಸಂಸ್ಥೆಗಳ ಕ್ರಮವನ್ನು ಹೊರಗಿಟ್ಟಿದೆ. ಗ್ರಾಮ ಪಂಚಾಯಿತಿ, ನಗರಸಭೆ ಅದರ ಹೊರಗೆ, ರಾಜ್ಯ ಸರ್ಕಾರ ಒಳಗೆ. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಜಮೀನು ಹಿಂತೆಗೆದರೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಘಟಕ ಮುಚ್ಚಿಸಿದರೆ, ಅದು ತಪ್ಪೆಂದೇನೂ ಅಲ್ಲ. ಮುಚ್ಚಿಸಬೇಕಾದ ಘಟಕವನ್ನು ಮುಚ್ಚಿಸಲೇಬೇಕು. ಕಾರಣವನ್ನು ಆದೇಶದಲ್ಲೇ ಬರೆದು, ನೋಟಿಸು ಕೊಟ್ಟು, ಎದುರು ಪಕ್ಷದ ಮಾತು ಕೇಳಿ, ಅದೇ ತಪ್ಪು ಮಾಡಿದ ಸ್ವದೇಶಿ ಘಟಕಕ್ಕೂ ಅದೇ ಕ್ರಮ ಕೈಗೊಂಡಿದ್ದರೆ ಮುಂದೆ ಮಂಡಳಿಯ ಮುಂದೆ ಆ ಕಡತವೇ ದೇಶದ ರಕ್ಷಣೆ. ಹೂಡಿಕೆದಾರನಿಗೂ ಕಡತವೇ ಗತಿ. ಇಂಡಿಯನ್ ಮೆಟಲ್ಸ್ ಎಂಬ ನಮ್ಮ ಕಂಪನಿ ಇಂಡೊನೇಷ್ಯಾದಲ್ಲಿ ಕೊಂಡ ಕಲ್ಲಿದ್ದಲು ಪರವಾನಗಿಯ ಜಾಗ ಬೇರೆಯವರ ಪರವಾನಗಿಗಳ ಜಾಗದ ಮೇಲೆ ಬಿದ್ದಿತ್ತು. ಕೊಳ್ಳುವ ಮೊದಲು ಸರಿಯಾಗಿ ಪರಿಶೀಲಿಸಿಲ್ಲ ಎಂಬ ಕಾರಣಕ್ಕೆ 2019ರಲ್ಲಿ ಸೋತಿತು.

ನಿಮ್ಮ ಊರಿನ ಒಂದು ಯೋಜನೆಯ ಮೇಲೆ ಇದನ್ನು ಪ್ರಯೋಗಿಸುವುದಾದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ತಾಣದಿಂದ ಆರಂಭಿಸಿ. ಒಂದು ಕಂಪನಿಯ ಸಾರ್ವಜನಿಕ ದಾಖಲೆ ನೋಡಲು ಶುಲ್ಕ 100 ರೂಪಾಯಿ, ನೋಡಲು ಕೊಡುವ ಅವಧಿ 3 ಗಂಟೆ. ಅಷ್ಟರಲ್ಲಿ ಎಲ್ಲವನ್ನೂ ಇಳಿಸಿಕೊಳ್ಳಿ, ಓದುವುದು ಆಮೇಲೆ. ವಾರ್ಷಿಕ ವಿವರಣೆಯಾದ ಎಂಜಿಟಿ-7ರಲ್ಲಿ ಷೇರುದಾರರ ಮತ್ತು ಮಾತೃಸಂಸ್ಥೆಯ ವಿವರ ಇರುತ್ತದೆ, ಎಒಸಿ-4ರ ಲೆಕ್ಕಪತ್ರದ ಟಿಪ್ಪಣಿಗಳಲ್ಲಿ ಸಂಬಂಧಿತ ಕಂಪನಿಗಳ ಪಟ್ಟಿ. ಹಳೆಯ ವರ್ಷಗಳದ್ದನ್ನೂ ತೆಗೆಯಿರಿ, ಷೇರು ಯಾವಾಗ ಕೈ ಬದಲಾಯಿತೆಂದು ಅದರಿಂದಲೇ ತಿಳಿಯುವುದು. ನೆದರ್ಲೆಂಡ್ಸ್, ಮಾರಿಷಸ್, ಸಿಂಗಪುರ, ಯುಎಇ ಎಂದು ಸರಪಳಿಯ ಪ್ರತಿ ಕೊಂಡಿಯ ದೇಶ ಬರೆದು, ಪ್ರತಿಯೊಂದರ ಮುಂದೆ ಆ ದೇಶದ ಒಪ್ಪಂದದ ನಾಲ್ಕು ದಿನಾಂಕಗಳನ್ನು ಇಡಿ. ಒಪ್ಪಂದ ಜಾರಿಗೇ ಬಾರದ, ಅದು ರದ್ದಾದ ಮೇಲೆ ಷೇರು ಕೊಂಡ, ಇಲ್ಲವೇ ರದ್ದಾದ ನಂತರದ ರಕ್ಷಣೆಯ ಅವಧಿಯೂ ಮುಗಿದ ಸಾಲುಗಳನ್ನು ಹೊಡೆದುಹಾಕಿ. ಉಳಿದ ಸಾಲುಗಳ ಒಪ್ಪಂದಗಳೇ ನೀವು ಓದಬೇಕಾದವು.